ಬಡ ಹುಡುಗರ ಧರ್ಮಶಾಲೆ

ಥೇಮ್ಸ್ ನದಿಯ ದಂಡೆಯಲ್ಲಿ, ವಿಂಡ್ಸರ್ ಅರಮನೆಗೆ ಎದುರಾಗಿ, ಬಡ ಹುಡುಗರಿಗೆಂದು ಕಟ್ಟಿಸಿದ ಒಂದು ಧರ್ಮಶಾಲೆ ಇದೆ. ಬಡತನ ಎಷ್ಟೆಂದರೆ, ಹುಡುಗರು ಹುಟ್ಟು ಹಾಕಲು ಪಕ್ಕದ ನದಿ ಸಾಲದೆ ಶಾಲೆಯೇ ಸ್ವಂತ ದುಡ್ಡಿನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಕೆರೆ ತೋಡಿಸಬೇಕಾಯಿತು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ದೋಣಿ ಸ್ಪರ್ಧೆಗಳು ನಡೆದದ್ದು ಈ ಕೆರೆಯಲ್ಲೇ. ಶಾಲೆಯ ಗ್ರಂಥಾಲಯದಲ್ಲಿ ಗುಟೆನ್‌ಬರ್ಗ್ ಬೈಬಲ್ಲಿನ ಒಂದು ಪ್ರತಿ ಇದೆ. ಹುಡುಗರು ದಿನನಿತ್ಯ ಪಾಠಕ್ಕೆ ಹೋಗುವುದು ಬಾಲವಿರುವ ಕರಿ ಕೋಟು, ಗೆರೆ ಪ್ಯಾಂಟು ತೊಟ್ಟುಕೊಂಡು. ನಮ್ಮಲ್ಲಿ ಆ ವೇಷ ಬೇಕಾದರೆ ಬ್ಯಾಂಡ್‌ಸೆಟ್ಟಿನವರನ್ನು ಕೇಳಬೇಕು. ಶುಲ್ಕ ವರ್ಷಕ್ಕೆ 60 ಸಾವಿರ ಪೌಂಡ್ ದಾಟಿದೆ. ನಮ್ಮ ಲೆಕ್ಕದಲ್ಲಿ 70 ಲಕ್ಷ ರೂಪಾಯಿಯ ಆಸುಪಾಸು. ಕಾನೂನಿನ ಕಣ್ಣಿಗೆ ಇದು ಇವತ್ತಿಗೂ ನೋಂದಾಯಿತ ಧರ್ಮಸಂಸ್ಥೆ. ಹೆಸರು ಈಟನ್ ಕಾಲೇಜ್.

ಶಾಲೆಯನ್ನು ಆಡಿಕೊಳ್ಳಲು ಹೊರಟಿದ್ದಾನೆ ಎಂದುಕೊಳ್ಳಬೇಡಿ. ಸುಮಾರು ಆರು ಶತಮಾನ ಒಂದೇ ದಾನಪತ್ರವನ್ನು ಹಿಡಿದುಕೊಂಡು, ದಾನ ಯಾರಿಗೆ ಸೇರಬೇಕು ಎಂಬ ಒಂದು ಸಾಲನ್ನು ಮಾತ್ರ ಯಾರಿಗೂ ಗೊತ್ತಾಗದಂತೆ ತಿದ್ದುವ ಕೈಚಳಕಕ್ಕೆ ಕೈಮುಗಿಯುವುದಷ್ಟೇ ನನ್ನ ಉದ್ದೇಶ. ನಮ್ಮ ಮುಜರಾಯಿ ಜಮೀನು ನುಂಗಿದವರು ಇವರ ಮುಂದೆ ಇನ್ನೂ ಅಂಗನವಾಡಿಯಲ್ಲಿದ್ದಾರೆ.

ಕಥೆ ಶುರುವಾಗುವುದು ಆರನೆಯ ಹೆನ್ರಿಯಿಂದ. ಒಂಬತ್ತು ತಿಂಗಳ ಕೂಸಾಗಿದ್ದಾಗಲೇ ಇಂಗ್ಲೆಂಡಿನ ರಾಜನಾದವನು. ರಾಜ್ಯಭಾರ ಎಂದರೆ ತಲೆನೋವು, ದೇವರು ಎಂದರೆ ಪ್ರಾಣ. 1440ರಲ್ಲಿ, ಹದಿನೆಂಟರ ಹರೆಯದಲ್ಲಿ, ಈಟನ್ ಹಳ್ಳಿಯಲ್ಲಿ ಈ ಶಾಲೆ ತೆರೆದ. 70 ಬಡ ವಿದ್ಯಾರ್ಥಿಗಳಿಗೆ ಊಟ, ವಸತಿ, ಪಾಠ ಎಲ್ಲವೂ ಪುಕ್ಕಟೆ. ಮುಂದೆ ಓದಲಿ ಎಂದು ಮರುವರ್ಷವೇ ಕೇಂಬ್ರಿಜ್‌ನಲ್ಲಿ ಕಿಂಗ್ಸ್ ಕಾಲೇಜನ್ನೂ ಸ್ಥಾಪಿಸಿದ. ಯೋಜನೆ ಅವನ ಸ್ವಂತದ್ದೇನಲ್ಲ. 1382ರಲ್ಲಿ ವಿಂಚೆಸ್ಟರಿನ ಬಿಷಪ್ ವಿಲಿಯಂ ಆಫ್ ವೈಕೆಮ್ ಇಂಥದ್ದೇ ಶಾಲೆ ಸ್ಥಾಪಿಸಿದ್ದ. ಹೆನ್ರಿ ಅದರ ನಿಯಮಗಳನ್ನು 70 ಎಂಬ ಸಂಖ್ಯೆಯ ಸಮೇತ ನಕಲು ಹೊಡೆದ. ವರ್ಷಕ್ಕೆ ಐದು ಮಾರ್ಕ್‌ಗಿಂತ ಹೆಚ್ಚು ವರಮಾನ ಇರುವವನಿಗೆ ಪ್ರವೇಶ ಇಲ್ಲ ಎಂದು ಕಟ್ಟಳೆ ಮಾಡಿದ. ಬಿಪಿಎಲ್ ಮಿತಿ ಎಂದರೆ ಇದೇ. ಬಿಪಿಎಲ್ ಮಿತಿಗೆ ಎಲ್ಲ ದೇಶದಲ್ಲೂ ಆಗುವ ಗತಿಯೇ ಇಲ್ಲಿಯೂ ಆಯಿತು, ಸ್ವಲ್ಪ ನಿಧಾನವಾಗಿ.

ಯಾಕೆಂದರೆ ಅದೇ ನಿಯಮಾವಳಿಯಲ್ಲಿ, ಕುಲೀನರ ಮಕ್ಕಳು ಕೆಲವರು ತಮ್ಮ ಖರ್ಚು ತಾವೇ ನೋಡಿಕೊಂಡು ಪಾಠಕ್ಕೆ ಕೂರಬಹುದು ಎಂದು ಒಂದು ಸಾಲು ಸೇರಿಕೊಂಡಿತ್ತು. ದಾನಪತ್ರ ಬರೆಯುವಾಗ ಇಂಥದ್ದೊಂದು ಸಾಲು ಎಲ್ಲಿಂದ ಬಂದು ಸೇರುತ್ತದೋ ಆ ಪರಮಾತ್ಮನಿಗೇ ಗೊತ್ತು. ಉಳಿದ ಸಾಲುಗಳೆಲ್ಲ ಸತ್ತ ಮೇಲೂ ಅದೊಂದು ಗಟ್ಟಿಮುಟ್ಟಾಗಿ ಬದುಕಿರುತ್ತದೆ.

ಹೆನ್ರಿಯ ಕೊನೆ ಚೆನ್ನಾಗಿರಲಿಲ್ಲ. 1461ರಲ್ಲಿ ಸಿಂಹಾಸನ ಹೋಯಿತು. ಹೊಸ ರಾಜ ನಾಲ್ಕನೆಯ ಎಡ್ವರ್ಡ್ ಈಟನ್ನಿನ ಆಸ್ತಿಪಾಸ್ತಿಯನ್ನು ಎದುರುಗಡೆಯ ವಿಂಡ್ಸರಿನ ಸೇಂಟ್ ಜಾರ್ಜ್ ಚಾಪೆಲ್ಲಿಗೆ ದಾಟಿಸಿದ. ಕಟ್ಟುತ್ತಿದ್ದ ಚಾಪೆಲ್ ಅರ್ಧಕ್ಕೇ ನಿಂತಿತು. ಈಗ ಪ್ರವಾಸಿಗರು ಬಾಯಿಬಿಟ್ಟು ನೋಡುವುದು ಹೆನ್ರಿ ಕಂಡ ಕನಸಿನ ಒಂದು ತುದಿಯನ್ನು ಮಾತ್ರ. ಎಡ್ವರ್ಡನ ಪ್ರೇಯಸಿ ಜೇನ್ ಶೋರ್ ಅಂಗಲಾಚಿದ್ದರಿಂದ ಶಾಲೆ ಉಳಿಯಿತು ಎಂಬುದು ಪ್ರತೀತಿ. ಹೆನ್ರಿ 1471ರಲ್ಲಿ ಲಂಡನ್ ಟವರಿನಲ್ಲಿ ಪ್ರಾಣಬಿಟ್ಟ. ಕೊಂದರು ಎಂದೇ ಎಲ್ಲರೂ ನಂಬುತ್ತಾರೆ. ಶಾಲೆ ಕೃತಘ್ನವಲ್ಲ. ಪ್ರತಿ ವರ್ಷ ಮೇ 21ಕ್ಕೆ ಅವನು ಸತ್ತ ಜಾಗದಲ್ಲಿ ಲಿಲಿ ಹೂ ಇಡುತ್ತದೆ. ಅವನ ನಿಯಮಗಳಿಗೆ ಹೂ ಇಟ್ಟಿದ್ದು ಅದಕ್ಕೂ ಬಹಳ ಮೊದಲೇ.

ಹೀಗೆ ಶಾಲೆಯಲ್ಲಿ ಎರಡು ಜಾತಿಯಾಯಿತು. ದಾನದ 70 ಮಂದಿ ಕಾಲೇಜರ್‌ಗಳು. ಊರಿನ ಬಾಡಿಗೆ ಮನೆಗಳಲ್ಲಿ ಉಳಿದು ದುಡ್ಡು ಕೊಟ್ಟು ಓದುವವರು ಆಪಿಡನ್‌ಗಳು. ನಮಗೆ ವರ್ಣಾಶ್ರಮದ ಬಗ್ಗೆ ಪಾಠ ಹೇಳಿದ ದೇಶದಲ್ಲಿ ಈ ಭೇದ ಗೌನಿನ ಮೇಲೇ ಕಾಣುತ್ತಿತ್ತು: ಕರಿ ಗೌನು ತೊಟ್ಟವನು ದಾನದವನು. ಅವರನ್ನು ಮಲಗಿಸುತ್ತಿದ್ದ ಲಾಂಗ್ ಚೇಂಬರ್ ಎಂಬ ಉದ್ದ ಕೋಣೆಗೆ ರಾತ್ರಿ ಹೊರಗಿನಿಂದ ಬೀಗ. ಒಳಗೆ ಒಬ್ಬ ಮೇಷ್ಟ್ರೂ ಇಲ್ಲ. ದೊಡ್ಡ ಹುಡುಗರು, ಸಣ್ಣ ಹುಡುಗರು ಮತ್ತು ಹೆಗ್ಗಣಗಳು ಬೆಳಗಿನವರೆಗೆ ತಮ್ಮತಮ್ಮಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದ ಹೊತ್ತಿಗೆ ಪುಕ್ಕಟೆ ಎಂದರೂ ಅಲ್ಲಿಗೆ ಮಕ್ಕಳನ್ನು ಕಳಿಸುವವರು ಸಿಗದೆ ದಾನದ ಜಾಗಗಳು ಖಾಲಿ ಬೀಳತೊಡಗಿದವು. ಬಡವರಿಗೆ ಕೊಟ್ಟದ್ದನ್ನು ಬಡವರೇ ಬೇಡವೆನ್ನುವಂತೆ ಮಾಡುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನಮ್ಮ ಕೆಲವು ಸರ್ಕಾರಿ ಹಾಸ್ಟೆಲ್ಲುಗಳ ವಾರ್ಡನ್ನುಗಳು ಅದನ್ನು ಸ್ವಯಂಪ್ರತಿಭೆಯಿಂದ ಕಲಿತಿದ್ದಾರೆ.

ಅಷ್ಟರಲ್ಲಿ ಶಾಲೆಯ ಆಸ್ತಿ ಮತ್ತೆ ಬೆಳೆದಿತ್ತು, ಅದರ ವರಮಾನ ಏನಾಯಿತು? ದೇವರು ವರ ಕೊಟ್ಟರೂ ಪೂಜಾರಿ ಕೊಡ. ಶಾಲೆಯ ಜಮೀನುಗಳ ಗುತ್ತಿಗೆ ನವೀಕರಿಸುವಾಗ ಬರುತ್ತಿದ್ದ ದೊಡ್ಡ ಮೊತ್ತವನ್ನು ಆಡಳಿತ ನಡೆಸುವ ಪ್ರೊವೊಸ್ಟ್ ಮತ್ತು ಫೆಲೋಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರು. ಇದು ಬಯಲಾಗಿ ಪತ್ರಿಕೆಗಳಲ್ಲಿ ಗಲಾಟೆ ಎದ್ದಾಗ 1861ರಲ್ಲಿ ಲಾರ್ಡ್ ಕ್ಲಾರೆಂಡನ್ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಕೂತಿತು. ಈಟನ್, ಹ್ಯಾರೋ, ವಿಂಚೆಸ್ಟರ್, ರಗ್ಬಿ ಸೇರಿ ಒಂಬತ್ತು ಶಾಲೆಗಳನ್ನು ತನಿಖೆ ಮಾಡಿತು. 1868ರಲ್ಲಿ ಕಾಯಿದೆಯೂ ಬಂತು.

ಕೈಚಳಕ ನಡೆದದ್ದು ಆ ಶತಮಾನದ ಸುಧಾರಣೆಗಳ ಗಡಿಬಿಡಿಯಲ್ಲೇ. ದಾನದ ಜಾಗಗಳನ್ನು ಪರಿಚಯಸ್ಥರ ಮಕ್ಕಳಿಗೆ ಹಂಚುವುದು ತಪ್ಪು, ಇನ್ನು ಮುಂದೆ ಮುಕ್ತ ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದವನಿಗೇ ಕೊಡಬೇಕು ಎಂದರು. ಎಷ್ಟು ನ್ಯಾಯವಾದ ಮಾತು! ಪರೀಕ್ಷೆ ಲ್ಯಾಟಿನ್ ಮತ್ತು ಗ್ರೀಕಿನಲ್ಲಿ. ಕಲ್ಲಿದ್ದಲು ಗಣಿಯ ಊರುಗಳಲ್ಲಿ ಹನ್ನೆರಡು ವರ್ಷದ ಹುಡುಗ ಗಣಿಯೊಳಕ್ಕೆ ಇಳಿಯುತ್ತಿದ್ದ ಕಾಲ ಅದು. ಆ ವಯಸ್ಸಿಗೆ ಗ್ರೀಕ್ ಪದ್ಯ ಕಟ್ಟುವವನು ಯಾರ ಮನೆಯವನು? ಎಂಟನೆಯ ವಯಸ್ಸಿನಿಂದ ದುಬಾರಿ ಪೂರ್ವಸಿದ್ಧತಾ ಶಾಲೆಯಲ್ಲಿ ಉರು ಹೊಡೆದವನು. ಹೆನ್ರಿಯ ಬಡವನನ್ನು ಯಾರೂ ಬಾಗಿಲಿಂದ ದಬ್ಬಲಿಲ್ಲ. ನಿನಗೂ ಅವಕಾಶ ಇದೆಯಪ್ಪಾ, ಪರೀಕ್ಷೆ ಬರೆ ಎಂದು ಬೆನ್ನು ತಟ್ಟಿದರು. ಅವನು ಬರೆಯಲಿಲ್ಲ. ಅದು ಅವನದೇ ತಪ್ಪು ಎಂದು ದಾಖಲಾಯಿತು. ಈ ಉಪಾಯ ಎಷ್ಟು ಸೊಗಸಾಗಿದೆಯೆಂದರೆ ಪ್ರಪಂಚದ ಎಲ್ಲ ಕೋಚಿಂಗ್ ಸೆಂಟರುಗಳೂ ಅದರ ಮೇಲೆಯೇ ನಿಂತಿವೆ.

ಪಾಠದ ವಿಷಯಕ್ಕೆ ಬಂದರೆ, ಶಾಲೆಯ ಪ್ರಧಾನ ಪಠ್ಯವಸ್ತು ಬರ್ಚ್ ಮರದ ಬರಲು. 1665ರಲ್ಲಿ ಪ್ಲೇಗ್ ಬಂದಾಗ ತಂಬಾಕಿನ ಹೊಗೆ ರೋಗ ತಡೆಯುತ್ತದೆ ಎಂದು ನಂಬಿದ ಕಾಲ. ಈಟನ್ನಿನಲ್ಲಿ ಹುಡುಗರು ದಿನಾ ಬೆಳಿಗ್ಗೆ ಹೊಗೆ ಸೇದಲೇಬೇಕಿತ್ತು. ಹೊಗೆ ಸೇದದ ತಪ್ಪಿಗೆ ತಿಂದಷ್ಟು ಏಟನ್ನು ಜನ್ಮದಲ್ಲಿ ತಿಂದಿರಲಿಲ್ಲ ಎಂದು ಒಬ್ಬ ಹಳೆಯ ವಿದ್ಯಾರ್ಥಿ ಹೇಳಿದ್ದು ದಾಖಲಾಗಿದೆ. ಹದಿನಾರನೆಯ ಶತಮಾನದ ಹೆಡ್‌ಮಾಸ್ಟರ್ ನಿಕೊಲಸ್ ಯೂಡಲ್, ವಿದ್ಯಾರ್ಥಿಯೊಬ್ಬನ ಮೇಲಿನ ದುರ್ನಡತೆಗಾಗಿ 1541ರಲ್ಲಿ ಕೆಲಸ ಕಳೆದುಕೊಂಡು ಜೈಲು ಸೇರಿದ. ಮುಂದೆ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಹೆಡ್‌ಮಾಸ್ಟರಾದ. ನಮ್ಮ ಇಲಾಖೆಯಲ್ಲಿ ಇದನ್ನು ಆಡಳಿತಾತ್ಮಕ ಕಾರಣದ ವರ್ಗಾವಣೆ ಎನ್ನುತ್ತಾರೆ. 1809ರಿಂದ 1834ರವರೆಗೆ ಹೆಡ್‌ಮಾಸ್ಟರಾಗಿದ್ದ ಜಾನ್ ಕೀಟ್ ಕುಳ್ಳ ಆಸಾಮಿ, ಕೈ ಮಾತ್ರ ಉದ್ದ. 1832ರ ಜೂನ್ 30ರಂದು ಒಂದೇ ಸಲಕ್ಕೆ 80ಕ್ಕೂ ಹೆಚ್ಚು ಹುಡುಗರ ಕುಂಡೆಗೆ ಬಾರಿಸಿದ. ಕೊನೆಗೆ ಹುಡುಗರು ಏನು ಮಾಡಿದರು? ಅವನಿಗೆ ಜಯಕಾರ ಹಾಕಿದರು. ಮುಂದೆ ಸಾಮ್ರಾಜ್ಯ ನಡೆಸುವವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಇನ್ನೆಲ್ಲಿ ಸಿಗುತ್ತದೆ? ಹೊಡೆಸಿಕೊಂಡವನೇ ಚಪ್ಪಾಳೆ ತಟ್ಟಬೇಕು ಎಂಬ ನಿರೀಕ್ಷೆಯನ್ನು ಇಟ್ಟುಕೊಂಡೇ ಅವರು ನಮ್ಮ ಕಡೆಗೆ ಹಡಗು ಹತ್ತಿದ್ದು.

ಬ್ರಿಟನ್ನಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹೊಡೆಯುವುದು 1987ರಲ್ಲಿ ನಿಂತಿತು. ಇಂಗ್ಲೆಂಡಿನ ಖಾಸಗಿ ಶಾಲೆಗಳಿಗೆ ಆ ಕಾನೂನು ಬಂದದ್ದು 1999ರಲ್ಲಿ. ದುಡ್ಡು ಕೊಟ್ಟವನಿಗೆ ಹನ್ನೆರಡು ವರ್ಷ ಹೆಚ್ಚು ಸೌಲಭ್ಯ.

ರೈಲಿನ ಪ್ರಸಂಗ ನನಗೆ ಬಹಳ ಇಷ್ಟ. ಲಂಡನ್ನಿನಿಂದ ಪಶ್ಚಿಮಕ್ಕೆ ಗ್ರೇಟ್ ವೆಸ್ಟರ್ನ್ ರೈಲ್ವೆ ಹಾಕಲು ಹೊರಟಾಗ ಈಟನ್ ಬೊಬ್ಬೆ ಹೊಡೆಯಿತು. ರೈಲು ಬಂದರೆ ಹುಡುಗರು ಹತ್ತಿಕೊಂಡು ಲಂಡನ್ನಿಗೆ ಹೋಗಿ ಕೆಡುತ್ತಾರಂತೆ. ಕಾಲೇಜಿನಿಂದ ಮೂರು ಮೈಲಿಯೊಳಗೆ ಸ್ಟೇಷನ್ ಕಟ್ಟಕೂಡದು ಎಂದು 1835ರ ಕಾಯಿದೆಯಲ್ಲೇ ಬರೆಸಿಕೊಂಡರು. ಒಂದು ಶಾಲೆಯ ಮಾತಿಗೆ ಸಂಸತ್ತು ಹೀಗೆ ತಲೆಬಾಗುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಕೂತವರಲ್ಲಿ ಬಹಳಷ್ಟು ಮಂದಿ ಅದೇ ಬೆಂಚಿನಿಂದ ಎದ್ದು ಬಂದವರು. ರೈಲ್ವೆಯವರೂ ಕಡಿಮೆಯಿರಲಿಲ್ಲ. 1838ರ ಜೂನಿನಲ್ಲಿ ಮಾರ್ಗ ತೆರೆದಾಗ ಸ್ಲೌ ಎಂಬಲ್ಲಿ ಸ್ಟೇಷನ್ ಕಟ್ಟಲಿಲ್ಲ, ಸುಮ್ಮನೆ ರೈಲು ನಿಲ್ಲಿಸಿದರು. ಟಿಕೆಟ್ಟನ್ನು ಪಕ್ಕದ ಹೆಂಡದಂಗಡಿಯಲ್ಲಿ ಮಾರಿದರು. ಸ್ಟೇಷನ್ ಕಟ್ಟಬೇಡಿ ಎಂದಿದ್ದೀರಿ, ನಿಲ್ಲಬೇಡಿ ಎಂದಿಲ್ಲವಲ್ಲ ಎಂಬುದು ಅವರ ವಾದ. ಈಟನ್ ನ್ಯಾಯಾಲಯಕ್ಕೆ ಓಡಿತು, ಸೋತಿತು. ಅದಾದ ಕೆಲವೇ ವಾರಗಳಲ್ಲಿ, ಜೂನ್ 28ಕ್ಕೆ ರಾಣಿ ವಿಕ್ಟೋರಿಯಾಳ ಪಟ್ಟಾಭಿಷೇಕ ಬಂತು. ಹುಡುಗರನ್ನು ಲಂಡನ್ನಿಗೆ ಕರೆದೊಯ್ಯಲು ಒಂದು ವಿಶೇಷ ರೈಲು ಬೇಕು ಎಂದು ರೈಲ್ವೆಗೆ ಬಿನ್ನವಿಸಿಕೊಂಡವರು ಯಾರು? ಇದೇ ಈಟನ್ನಿನವರು. ಹುಡುಗರನ್ನು ಕೆಡಿಸುವುದು ಮಾಮೂಲಿ ರೈಲು ಎಂದು ಕಾಣುತ್ತದೆ.

ರೈಲು ಬಂದದ್ದರಿಂದ ಕೆಟ್ಟದ್ದು ಹುಡುಗರಲ್ಲ, ಶಾಲೆಯ ಒಂದು ಹಬ್ಬ. ಮೂರು ವರ್ಷಕ್ಕೊಮ್ಮೆ ಮಾಂಟೆಮ್ ಎಂಬ ಮೆರವಣಿಗೆ ನಡೆಯುತ್ತಿತ್ತು. ವೇಷ ಹಾಕಿದ ಹುಡುಗರು ಹೆದ್ದಾರಿಯಲ್ಲಿ ಅಡ್ಡಗಟ್ಟಿ, ಹೋಗಿಬರುವವರಿಂದ 'ಉಪ್ಪು' ಎಂಬ ಹೆಸರಿನಲ್ಲಿ ದುಡ್ಡು ಎತ್ತುತ್ತಿದ್ದರು. ಗಣಪತಿ ಚಂದಾಕ್ಕೆ ಹಗ್ಗ ಕಟ್ಟಿ ವಾಹನ ನಿಲ್ಲಿಸುವ ನಮ್ಮ ಬೀದಿ ಹುಡುಗರು ಎದೆಯುಬ್ಬಿಸಿ ಓದಬೇಕಾದ ಭಾಗ ಇದು. ವ್ಯತ್ಯಾಸ ಇಷ್ಟೇ: ಈಟನ್ನಿನವರಿಗೆ ರಾಜರಾಣಿಯರೂ ಚಂದಾ ಕೊಡುತ್ತಿದ್ದರು, ಕೊಟ್ಟವರಿಗೆ ಲ್ಯಾಟಿನ್ ವಾಕ್ಯ ಬರೆದ ರಸೀದಿಯೂ ಸಿಗುತ್ತಿತ್ತು. ವಸೂಲಿ ಕೇಂಬ್ರಿಜ್‌ಗೆ ಹೋಗುವ ಹಿರಿಯ ಕಾಲೇಜರನ ಓದಿನ ಖರ್ಚಿಗೆ. ಆದರೆ ಊಟ, ಪಾನ, ವೇಷ, ಮುರಿದ ಸಾಮಾನುಗಳ ಬಿಲ್ಲು ಕಳೆದು ಉಳಿದದ್ದು ಮಾತ್ರ ಅವನಿಗೆ. ರೈಲು ಬಂದ ಮೇಲೆ ಲಂಡನ್ನಿನ ಸಾಮಾನ್ಯ ಜನ ತಂಡತಂಡವಾಗಿ ನೋಡಲು ಬಂದರು. ದೊಡ್ಡವರ ಭಿಕ್ಷಾಟನೆಯನ್ನು ಸಣ್ಣವರು ನೋಡುವುದು ಸರಿಯಲ್ಲವೆಂದೋ ಏನೋ, 1847ರಲ್ಲಿ ಹಬ್ಬವನ್ನೇ ನಿಲ್ಲಿಸಿದರು. ಶಾಲೆ ಬೀದಿಯಲ್ಲಿ ನಿಂತು ಕೈಚಾಚುವುದನ್ನು ಬಿಟ್ಟದ್ದು ಆಗ. ಕೂತಲ್ಲಿಗೇ ತರಿಸಿಕೊಳ್ಳುವ ತೆರಿಗೆ ವಿನಾಯಿತಿಯ ವಿಷಯ ಮುಂದೆ ಬರುತ್ತದೆ.

ಈ ಶಾಲೆಗೂ ನಮಗೂ ಸಂಬಂಧವೇನು ಎಂದು ಕೇಳುವವರು ಶ್ರೀರಂಗಪಟ್ಟಣಕ್ಕೆ ಹೋಗಿ ಕೋಟೆಯ ಒಡೆದ ಗೋಡೆಯನ್ನು ನೋಡಬೇಕು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಟಿಪ್ಪುವಿನಿಂದ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಮತ್ತು ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಪಡೆದ ಲಾರ್ಡ್ ಕಾರ್ನ್‌ವಾಲಿಸ್ ಈಟನ್ನಿನವನು. ಶಾಲೆಯಲ್ಲಿ ಹಾಕಿ ಆಡುವಾಗ ಸಹಪಾಠಿಯ ಕೋಲು ಬಡಿದು ಅವನ ಒಂದು ಕಣ್ಣು ಶಾಶ್ವತವಾಗಿ ಹಾಳಾಗಿತ್ತು. ಹೊಡೆದ ಹುಡುಗ ಶೂಟ್ ಬ್ಯಾರಿಂಗ್ಟನ್ ಮುಂದೆ ಡರ್ಹಮ್‌ನ ಬಿಷಪ್ ಆದ. ಕಣ್ಣು ಹೊಡೆದವನು ಬಿಷಪ್, ಹೊಡೆಸಿಕೊಂಡವನು ಗವರ್ನರ್ ಜನರಲ್. ಒಬ್ಬರೂ ದಂಡವಾಗಲಿಲ್ಲ. 1799ರಲ್ಲಿ ಟಿಪ್ಪುವಿನ ಕಥೆ ಮುಗಿಸಲು ಯುದ್ಧ ಹೂಡಿದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯೂ ಈಟನ್ನಿನವನು. ಮೊದಲು ಹ್ಯಾರೋದಲ್ಲಿದ್ದು, ದಂಗೆಯೆದ್ದು, ಅಲ್ಲಿಂದ ಹೊರಬಿದ್ದು ಬಂದವನು. ಈಟನ್ ಚಾಪೆಲ್ಲಿನಲ್ಲೇ ಅವನ ಸಮಾಧಿ ಇದೆ. ತಮ್ಮ ಆರ್ಥರ್ ವೆಲ್ಲೆಸ್ಲಿ ಈಟನ್ನಿನಲ್ಲಿ ಯಾವುದಕ್ಕೂ ಬಾರದ ಹುಡುಗ. ಮನೆಯಲ್ಲಿ ದುಡ್ಡಿನ ಅಡಚಣೆ ಬಂದಾಗ ಇವನ ಮೇಲೆ ಸುರಿಯುವುದು ದಂಡವೆಂದು ತಾಯಿ 1784ರಲ್ಲಿ ಶಾಲೆ ಬಿಡಿಸಿದಳು. ಓದು ಹತ್ತದವನಿಗೆ ಇದ್ದ ದಾರಿ ಸೈನ್ಯ. ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಸುಲ್ತಾನ್‌ಪೇಟೆಯ ತೋಪಿನೊಳಗೆ ರಾತ್ರಿ ನುಗ್ಗಿ, ಕತ್ತಲಲ್ಲಿ ದಾರಿ ತಪ್ಪಿ, ಹನ್ನೆರಡು ಜನರನ್ನು ಶತ್ರುವಿಗೆ ಬಿಟ್ಟು ವಾಪಸಾದ. ಊರು ಬಿದ್ದ ಮೇಲೆ ಅವನನ್ನೇ ಅಲ್ಲಿನ ಆಡಳಿತಾಧಿಕಾರಿ ಮಾಡಿದರು. ಅಣ್ಣ ಗವರ್ನರ್ ಜನರಲ್ ಆಗಿದ್ದರೆ ತೋಪಿನಲ್ಲಿ ತಪ್ಪಿದ ದಾರಿ ದರಿಯಾ ದೌಲತ್ತಿಗೇ ಹೋಗಿ ಮುಟ್ಟುತ್ತದೆ.

ಇವನೇ ಮುಂದೆ ವೆಲಿಂಗ್ಟನ್ ಡ್ಯೂಕ್, ನೆಪೋಲಿಯನ್ನನನ್ನು ಸೋಲಿಸಿದವನು. ವಾಟರ್ಲೂ ಗೆದ್ದದ್ದು ಈಟನ್ನಿನ ಆಟದ ಬಯಲಿನಲ್ಲಿ ಎಂದು ಅವನು ಹೇಳಿದನಂತೆ. ಹಾಗೆಂದು ಅವನು ಬದುಕಿದ್ದಾಗ ಯಾರೂ ಕೇಳಿಸಿಕೊಂಡಿಲ್ಲ. 1852ರಲ್ಲಿ ಅವನು ತೀರಿಕೊಂಡ ಮೇಲೆ ಯಾರೋ ಅವನ ಬಾಯಿಗೆ ಹಾಕಿದ ಮಾತು ಅದು. ಅವನ ಕಾಲದಲ್ಲಿ ಅಲ್ಲಿ ವ್ಯವಸ್ಥಿತ ಆಟಗಳೂ ಇರಲಿಲ್ಲ. ಅವನಿಗೆ ಶಾಲೆಯ ಮೇಲೆ ಪ್ರೀತಿಯೂ ಇರಲಿಲ್ಲ. ಆದರೂ ಪ್ರಾಸ್ಪೆಕ್ಟಸ್ಸಿಗೆ ಇದಕ್ಕಿಂತ ಒಳ್ಳೆಯ ಸಾಲು ಬೇಕೇ?

ಆಟ ಎಂದಾಗ ವಾಲ್ ಗೇಮ್ ಬಗ್ಗೆ ಹೇಳಲೇಬೇಕು. 1717ರಲ್ಲಿ ಕಟ್ಟಿದ ಒಂದು ಇಟ್ಟಿಗೆ ಗೋಡೆ. ಅದರ ಪಕ್ಕದಲ್ಲಿ ಐದು ಮೀಟರ್ ಅಗಲ, ನೂರಹತ್ತು ಮೀಟರ್ ಉದ್ದದ ಕೆಸರಿನ ಪಟ್ಟಿ. ಒಂದು ತುದಿಯಲ್ಲಿ ಗೋಲ್ ಎಂದರೆ ತೋಟದ ಬಾಗಿಲು, ಇನ್ನೊಂದು ತುದಿಯಲ್ಲಿ ಒಂದು ಮರ. ಹುಡುಗರು ಗೋಡೆಗೆ ಒತ್ತಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು, ಎಲ್ಲೋ ಅಡಿಯಲ್ಲಿ ಹೂತ ಚೆಂಡಿಗಾಗಿ ಒಂದು ಗಂಟೆ ತಳ್ಳಾಡುತ್ತಾರೆ. ಪ್ರತಿ ನವೆಂಬರಿನಲ್ಲಿ ಸೇಂಟ್ ಆಂಡ್ರ್ಯೂ ದಿನಾಚರಣೆಗೆ ಕಾಲೇಜರುಗಳಿಗೂ ಆಪಿಡನ್ನುಗಳಿಗೂ ದೊಡ್ಡ ಪಂದ್ಯ. ಆ ಪಂದ್ಯದಲ್ಲಿ ಕೊನೆಯ ಗೋಲು ಬಿದ್ದದ್ದು 1909ರಲ್ಲಿ. ಅದಾದ ಮೇಲೆ ಎರಡು ಮಹಾಯುದ್ಧ ಬಂದು ಹೋದವು, ಸಾಮ್ರಾಜ್ಯ ಕರಗಿತು, ಮನುಷ್ಯ ಚಂದ್ರನ ಮೇಲೆ ಇಳಿದು ವಾಪಸು ಬಂದ; ಗೋಲು ಬಿದ್ದಿಲ್ಲ. ಯಾರಿಗೂ ಬೇಸರವಿಲ್ಲ. ಈ ಆಟದಲ್ಲಿ ಕಾಲೇಜರುಗಳ ತಂಡದ ನಾಯಕನಾಗಿದ್ದ ಬೋರಿಸ್ ಜಾನ್ಸನ್ ಎಂಬ ಹುಡುಗ, ಮುಂದೆ ಅದೇ ಕಲೆಯನ್ನು ದೇಶಮಟ್ಟಕ್ಕೆ ಏರಿಸಿದ. 2016ರ ಬ್ರೆಕ್ಸಿಟ್ ಜನಮತವನ್ನು ಕರೆದ ಡೇವಿಡ್ ಕ್ಯಾಮರಾನ್ ಈಟನ್, ಅದನ್ನು ಗೆದ್ದ ಬಣದ ಮುಂದಾಳು ಜಾನ್ಸನ್ ಈಟನ್. ಆರೂವರೆ ಕೋಟಿ ಜನ ಕೆಸರಿನಲ್ಲಿ ನಿಂತು ನೋಡಿದರು.

ಬ್ರಿಟನ್ನಿಗೆ ಈವರೆಗೆ ಆದ 58 ಪ್ರಧಾನಿಗಳಲ್ಲಿ 20 ಮಂದಿ ಈ ಒಂದೇ ಶಾಲೆಯವರು. ಈಡನ್, ಮ್ಯಾಕ್‌ಮಿಲನ್, ಡಗ್ಲಸ್-ಹ್ಯೂಮ್ ಎಂದು 1955ರಿಂದ 1964ರವರೆಗೆ ಸಾಲಾಗಿ ಮೂವರು. ಕುಟುಂಬ ರಾಜಕಾರಣ ಎಂದು ನಾವು ನಮ್ಮ ಗೌಡರನ್ನೂ ಗಾಂಧಿಗಳನ್ನೂ ಬೈಯುತ್ತೇವೆ. ಅವರದು ಇನ್ನೂ ನಾಜೂಕು: ರಕ್ತ ಸಂಬಂಧ ಬೇಕಿಲ್ಲ, ಟೈ ಸಂಬಂಧ ಸಾಕು.

ಇಷ್ಟು ಪ್ರತಿಭೆ ಗುರುತಿಸುವ ಶಾಲೆ ತಪ್ಪುವುದೇ ಇಲ್ಲವೆಂದಲ್ಲ. 1949ರಲ್ಲಿ ಜಾನ್ ಗರ್ಡನ್ ಎಂಬ ಹುಡುಗನ ಜೀವಶಾಸ್ತ್ರದ ವರದಿ ಬರೆದ ಮೇಷ್ಟ್ರು, ಇವನು ವಿಜ್ಞಾನಿಯಾಗುವ ಯೋಚನೆಯೇ ಹಾಸ್ಯಾಸ್ಪದ, ಅವನಿಗೂ ಕಲಿಸುವವರಿಗೂ ಕಾಲಹರಣ ಎಂದು ಷರಾ ಹಾಕಿದರು. ಆ ವಿಷಯದಲ್ಲಿ ಅವನು 250 ಹುಡುಗರಲ್ಲಿ ಕೊನೆಯವನು. 2012ರಲ್ಲಿ ಅವನಿಗೆ ವೈದ್ಯಶಾಸ್ತ್ರದ ನೊಬೆಲ್ ಬಂತು. ಆ ವರದಿಗೆ ಅವನು ಕಟ್ಟು ಹಾಕಿಸಿ ತನ್ನ ಮೇಜಿನ ಬಳಿ ತೂಗುಹಾಕಿದ್ದ. ವಿಜ್ಞಾನಿಯಾಗಲು ಲಾಯಕ್ಕಲ್ಲದವನನ್ನು ಗುರುತಿಸುವಲ್ಲಿ ಎಡವಿದ್ದಾರೆ, ನಿಜ. ಪ್ರಧಾನಿಯಾಗಲು ಲಾಯಕ್ಕಲ್ಲದವರ ವಿಷಯದಲ್ಲಿ ಅವರಿಗೆ ಅಂಥ ಹಟವಿರಲಿಲ್ಲ.

ಇದರ ಪ್ರತಿರೂಪಗಳು ನಮ್ಮಲ್ಲೂ ಎದ್ದವು. 1935ರಲ್ಲಿ ಡೆಹ್ರಾಡೂನಿನಲ್ಲಿ ಡೂನ್ ಶಾಲೆ ತೆರೆದಾಗ ಮೊದಲ ಹೆಡ್‌ಮಾಸ್ಟರ್ ಆಗಿ ಬಂದ ಆರ್ಥರ್ ಫುಟ್ ಈಟನ್ನಿನ ವಿಜ್ಞಾನದ ಮೇಷ್ಟ್ರು. ಬೆಂಗಳೂರಿನಲ್ಲಿ ಅದಕ್ಕೂ ಮೊದಲೇ, 1865ರಲ್ಲಿ, ರಗ್ಬಿ ಶಾಲೆಯಲ್ಲಿ ಪಾಠ ಹೇಳಿದ್ದ ಬಿಷಪ್ ಕಾಟನ್ನರ ಹೆಸರಿನ ಶಾಲೆ ಬಂದಿತ್ತು. ಅವರ ಟೈ, ಬ್ಲೇಜರು, ಹೌಸು, ಹೆಡ್‌ಬಾಯ್ ಎಲ್ಲವೂ ಇಳಿದು ಇಳಿದು ಈಗ ರಾಯಚೂರಿನ ನಲವತ್ತೆರಡು ಡಿಗ್ರಿಯಲ್ಲಿ ಯುಕೆಜಿ ಕೂಸಿನ ಕೊರಳಿಗೆ ಬಂದು ನಿಂತಿವೆ. ಖಾಸಗಿ ಶಾಲೆಗೆ ಪಬ್ಲಿಕ್ ಸ್ಕೂಲ್ ಎಂದು ಬೋರ್ಡು ಹಾಕುವ ಧೈರ್ಯವೂ ಅಲ್ಲಿಂದಲೇ ಬಂದದ್ದು. ಕೊನೆಗೆ ನಮ್ಮ ಸರ್ಕಾರ ತನ್ನ ಸ್ವಂತ ಶಾಲೆಗಳಿಗೆ ಕರ್ನಾಟಕ ಪಬ್ಲಿಕ್ ಶಾಲೆ ಎಂದು ಹೆಸರಿಟ್ಟು, ಖಾಸಗಿಯವರಿಂದ ಸಾರ್ವಜನಿಕ ಎಂಬ ಪದವನ್ನು ಮರಳಿ ಸಾಲ ತರಬೇಕಾಯಿತು.

ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಗಂಡ ರಿಷಿ ಸುನಕ್ 2022ರಲ್ಲಿ ಪ್ರಧಾನಿಯಾದಾಗ ಕರ್ನಾಟಕದ ಅಳಿಯ ಎಂದು ನಾವು ಪೇಡ ಹಂಚಿದೆವು. ಬ್ರಿಟನ್ ಬದಲಾಯಿತು, ಈಟನ್ ದರ್ಬಾರು ಮುಗಿಯಿತು ಎಂದರು ಅಲ್ಲಿನವರು. ಅಳಿಯಂದಿರು ಓದಿದ್ದು ವಿಂಚೆಸ್ಟರಿನಲ್ಲಿ. ಹೆನ್ರಿ ನಕಲು ಹೊಡೆದ ಮೂಲಪ್ರತಿ! ಅಲ್ಲಿ ಹೆಡ್‌ಬಾಯ್ ಕೂಡ ಆಗಿದ್ದರು. ತರುಣನಾಗಿದ್ದಾಗ ಟಿವಿ ಸಾಕ್ಷ್ಯಚಿತ್ರವೊಂದರಲ್ಲಿ, ತನಗೆ ಶ್ರೀಮಂತ ಮನೆತನದ ಗೆಳೆಯರಿದ್ದಾರೆ, ದುಡಿಯುವ ವರ್ಗದ ಗೆಳೆಯರೂ ಇದ್ದಾರೆ ಎಂದು ಶುರುಮಾಡಿ, ಅಲ್ಲಲ್ಲ, ದುಡಿಯುವ ವರ್ಗದವರಿಲ್ಲ ಎಂದು ತಿದ್ದಿಕೊಂಡಿದ್ದರು. ಪ್ರಾಮಾಣಿಕ ಮನುಷ್ಯ.

ಇನ್ನು ದುಡ್ಡು. 2001ರಿಂದ 2004ರ ನಡುವೆ ಈಟನ್, ಹ್ಯಾರೋ, ವಿಂಚೆಸ್ಟರ್ ಸೇರಿ 50 ಶಾಲೆಗಳು ಮುಂದಿನ ವರ್ಷ ಶುಲ್ಕ ಎಷ್ಟು ಏರಿಸಬೇಕೆಂದಿದ್ದೇವೆ ಎಂಬ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದುದು ಬಯಲಾಯಿತು. ಸ್ಪರ್ಧಾ ಕಾನೂನಿನ ಉಲ್ಲಂಘನೆ. ಸಿಮೆಂಟ್ ಕಂಪನಿಗಳು ಹೀಗೆ ಮಾಡಿದರೆ ಕೂಟ ಎನ್ನುತ್ತಾರೆ. 2006ರಲ್ಲಿ ರಾಜಿಯಾಗಿ ಹೆಚ್ಚಿನ ಶಾಲೆಗಳಿಗೆ ತಲಾ 10,000 ಪೌಂಡ್ ನಾಮಕಾವಾಸ್ತೆ ದಂಡ ಬಿತ್ತು, ಎಲ್ಲರೂ ಸೇರಿ 30 ಲಕ್ಷ ಪೌಂಡನ್ನು ಮಕ್ಕಳ ಒಂದು ನಿಧಿಗೆ ಹಾಕಿದರು. ಈಟನ್ನಿಗೆ ಆ ದಂಡ ಒಬ್ಬ ಹುಡುಗನ ಒಂದು ವರ್ಷದ ಶುಲ್ಕದ ಅರ್ಧಕ್ಕೂ ಸಮವಿರಲಿಲ್ಲ. ದಂಡ ಕಟ್ಟಿದ್ದೂ ಪೋಷಕರ ಶುಲ್ಕದಿಂದಲೇ, ಅಂದರೆ ಮೋಸ ಹೋದವರೇ ಮೋಸದ ದಂಡವನ್ನೂ ತೆತ್ತರು.

ಬ್ರಿಟನ್ನಿನ ನೂರು ಮಕ್ಕಳಲ್ಲಿ ಖಾಸಗಿ ಶಾಲೆಗೆ ಹೋಗುವವರು ಏಳರ ಆಸುಪಾಸು. 2019ರ ಒಂದು ಅಧ್ಯಯನದ ಪ್ರಕಾರ ಹಿರಿಯ ನ್ಯಾಯಾಧೀಶರಲ್ಲಿ ಅಂಥ ಶಾಲೆಗಳಿಂದ ಬಂದವರು ನೂರಕ್ಕೆ 65. ಇಂಥ ನೊಂದ ಸಮುದಾಯದ ಮೇಲೆ 2025ರ ಜನವರಿ 1ರಿಂದ ಲೇಬರ್ ಸರ್ಕಾರ ಶೇಕಡ 20 ವ್ಯಾಟ್ ಹೇರಿತು. ಅದೇ ವರ್ಷ ಏಪ್ರಿಲಿನಲ್ಲಿ, ಧರ್ಮಸಂಸ್ಥೆಗಳೆಂದು ಈ ಶಾಲೆಗಳಿಗೆ ಸಿಗುತ್ತಿದ್ದ ಕಟ್ಟಡ ತೆರಿಗೆ ರಿಯಾಯಿತಿಯನ್ನೂ ತೆಗೆಯಿತು. ಅಬ್ಬಾ, ಆಗ ಎದ್ದ ಹಾಹಾಕಾರ! ನಾಳೆಯೇ ಪ್ರಳಯ ಎಂಬಂತೆ ಪತ್ರಿಕೆಗಳು ಬರೆದವು. ಈಟನ್ ಮಾತ್ರ ಶಾಂತವಾಗಿ, ಇಪ್ಪತ್ತಕ್ಕೆ ಇಪ್ಪತ್ತನ್ನೂ ಪೋಷಕರ ಬಿಲ್ಲಿಗೆ ಸೇರಿಸುತ್ತೇವೆ ಎಂದು ತಿಳಿಸಿತು. ಬೇರೆ ಕೆಲವು ಸಣ್ಣ ಶಾಲೆಗಳೂ ಪೋಷಕರೂ ಹೈಕೋರ್ಟಿಗೆ ಹೋಗಿ 2025ರ ಜೂನಿನಲ್ಲಿ ಸೋತರು. ಅವರಲ್ಲಿ ವಿಶೇಷ ಅಗತ್ಯವಿರುವ ಮಕ್ಕಳ ತಂದೆತಾಯಿಯರಿದ್ದರು, ಅವರ ಸಂಕಟ ನಾಟಕವಾಗಿರಲಿಲ್ಲ. ಉಳ್ಳವರ ಮೆರವಣಿಗೆಯಲ್ಲಿ ಮುಂದೆ ಬ್ಯಾನರ್ ಹಿಡಿಸುವುದು ಯಾವಾಗಲೂ ಇಂಥವರ ಕೈಯಲ್ಲೇ.

ಈಟನ್ ಈಚೆಗೆ ಬಡವರನ್ನು ಮತ್ತೆ ಹುಡುಕುತ್ತಿದೆ ಎಂಬುದನ್ನೂ ಹೇಳಬೇಕು. ಶುಲ್ಕವಿಲ್ಲದೆ ಓದುವ ಹುಡುಗರಿದ್ದಾರೆ. 2014ರಲ್ಲಿ ಹತ್ತಿರದ ಹಾಲಿಪೋರ್ಟಿನಲ್ಲಿ ಒಂದು ಸರ್ಕಾರಿ ವಸತಿ ಶಾಲೆಗೆ ಪ್ರಾಯೋಜಕನಾಗಿ ನಿಂತಿತು. ಆದರೆ ಬಡವನನ್ನು ಆರಿಸುವುದೂ, ಅವನು ಒಳಬಂದ ಮೇಲೆ ಏನಾಗಬೇಕೆಂದು ತೀರ್ಮಾನಿಸುವುದೂ ಎರಡೂ ಅವರದೇ ಕೈಯಲ್ಲಿವೆ. ಹೆನ್ರಿಯ ಆ 70 ಜಾಗಗಳು ಇಂದಿಗೂ ಇವೆ, ಹದಿಮೂರರ ಹುಡುಗರು ಇಂದಿಗೂ ಅದಕ್ಕೆ ಪರೀಕ್ಷೆ ಬರೆಯುತ್ತಾರೆ. 2011ರ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಈಗ 2040ನೆಯ ಇಸವಿ. ದೇಶದಲ್ಲಿ ಪೆಟ್ರೋಲ್ ಮುಗಿದು ಲಂಡನ್ ಬೀದಿಗಳಲ್ಲಿ ದಂಗೆಯೆದ್ದಿದೆ. ಸೈನ್ಯ ಇಳಿದು 25 ಪ್ರತಿಭಟನಕಾರರನ್ನು ಕೊಂದಿದೆ. ನೀನು ಪ್ರಧಾನಿ. ಸೈನ್ಯವನ್ನು ಬಳಸಿದ್ದು ಅನಿವಾರ್ಯವೂ ನೀತಿಯುತವೂ ಆಗಿತ್ತು ಎಂದು ದೇಶಕ್ಕೆ ವಿವರಿಸುವ ಭಾಷಣ ಬರೆ. ಎರಡು ವರ್ಷದ ನಂತರ ಇದು ಹೊರಬಿದ್ದು ಟೀಕೆ ಬಂದಾಗ, ವಾದಿಸುವ ಶಕ್ತಿಯನ್ನು ಅಳೆಯಲು ಕೇಳಿದ್ದು ಎಂದು ಶಾಲೆಯವರು ಸಮಜಾಯಿಷಿ ಕೊಟ್ಟರು. ನೀನು ಬೀದಿಯಲ್ಲಿ ಸತ್ತ 25 ಜನರಲ್ಲೊಬ್ಬನ ತಮ್ಮ, ಅವನ ಪರವಾಗಿ ವಾದಿಸು ಎಂದು ಕೇಳಿದ್ದರೆ ಪಠ್ಯದ ಹೊರಗಿನ ಪ್ರಶ್ನೆಯಾಗುತ್ತಿತ್ತು.

ಅಂದು ಆ ಉತ್ತರ ಬರೆದ ಹುಡುಗರಿಗೆ 2040ರಲ್ಲಿ ನಲವತ್ತೆರಡರ ಹತ್ತಿರದ ವಯಸ್ಸು. ಕ್ಯಾಮರಾನ್ ಪ್ರಧಾನಿಯಾದದ್ದು ನಲವತ್ಮೂರಕ್ಕೆ. ಭಾಷಣ ಆಗಲೇ ಸಿದ್ಧವಾಗಿದೆ, ಅಂಕವನ್ನೂ ಕೊಟ್ಟಾಗಿದೆ. ಪೆಟ್ರೋಲ್ ಮುಗಿಯುವುದೊಂದು ಬಾಕಿ.